ತೂಕ ಅಷ್ಟೇ, ಆಳು ಬೇರೆ

ಆ ವರ್ಷ ನಮ್ಮ ಮನೆಯಲ್ಲಿ ಇಬ್ಬರು ಹೆಂಗಸರ ಮೈ ಬದಲಾಗುತ್ತಿತ್ತು. ನನ್ನದು ನಾನು ಬಯಸಿದ್ದರಿಂದ. ಅಮ್ಮನದು ಅವಳು ಊಟ ಬಿಟ್ಟದ್ದರಿಂದ. ನನಗೆ ಹೆಗಲು ಮೂಡಿಬಂದ ಹಾಗೆಲ್ಲ ಅವಳ ಕೊರಳ ಕೆಳಗಿನ ಮೂಳೆಗಳು ಕಾಣತೊಡಗಿದವು. ನಾನು ಪುಟ್ಟ ತಕ್ಕಡಿಯಲ್ಲಿ ಬೇಯಿಸಿದ ಕೋಳಿಯನ್ನು ತೂಗಿ ತಿನ್ನುತ್ತಿದ್ದೆ. ಅದೇ ಅಡುಗೆಮನೆಯಲ್ಲಿ ಅವಳು ತನ್ನ ಪಾಲಿನ ಮುದ್ದೆಯನ್ನು ಮುರಿಯದೆ ಪಕ್ಕಕ್ಕೆ ಎತ್ತಿಡುತ್ತಿದ್ದಳು. ಅಮ್ಮ ಮತ್ತೆ ಕೂತು ಹೊಟ್ಟೆ ತುಂಬ ಉಣ್ಣುತ್ತಾಳೆಯೇ ಎಂಬ ಒಂದು ಪ್ರಶ್ನೆಯ ಸುತ್ತ ಆ ವರ್ಷವೆಲ್ಲ ತಿರುಗಿತು. ವಿವರಿಸಬಲ್ಲದ್ದನ್ನು ವಿವರಿಸುತ್ತೇನೆ, ಉಳಿದದ್ದನ್ನು ಕಂಡ ಹಾಗೆ ಬರೆಯುತ್ತೇನೆ.

ನಮ್ಮ ಮನೆ ಕೊಡಿಗೇಹಳ್ಳಿಯ ಹಳೆಯ ಊರಿನೊಳಗಿದೆ. ಒಂದು ರಸ್ತೆ ದಾಟಿದರೆ ಸಹಕಾರನಗರದ ಅಳತೆ ಹಿಡಿದ ಬೀದಿಗಳು, ಪಾರ್ಕುಗಳು. ಅಪ್ಪ ತೀರಿಹೋದ ಮೇಲೆ ಮನೆಯಲ್ಲಿ ನಾವಿಬ್ಬರೇ. ನಾನು ಯಲಹಂಕದ ಒಂದು ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದೆ. ಉಳಿದ ಹೊತ್ತು ಒಂದು ಸಣ್ಣ ಮಹಿಳಾ ಗುಂಪಿನ ಕೆಲಸ: ಬಿಳುಪಿನ ಕ್ರೀಮಿನ ವಿರುದ್ಧ, ವರದಕ್ಷಿಣೆಯ ವಿರುದ್ಧ, ತಲೆ ಕತ್ತರಿಸಿದ ಹೆಂಗಸಿನ ಹೊಟ್ಟೆಯನ್ನು 'ಮೊದಲು' ಮತ್ತು 'ಆಮೇಲೆ' ಎಂದು ಎರಡು ಚಿತ್ರಗಳಲ್ಲಿ ತೋರಿಸಿ ಪುಡಿ ಮಾರುವ ಜಾಹೀರಾತುಗಳ ವಿರುದ್ಧ ಕರಪತ್ರ ಹಂಚುವುದು. ನಾನು ಓದಿದ್ದು ಹೊಸ ವಿಚಾರದ ಮೇಷ್ಟರೊಬ್ಬರು ನಡೆಸುತ್ತಿದ್ದ ಶಾಲೆಯಲ್ಲಿ. ಪ್ರಶ್ನೆ ಕೇಳದ ಮಗುವಿನ ಹಣೆ ಮುಟ್ಟಿ ಜ್ವರವಿದೆಯೇ ಎಂದು ನೋಡುತ್ತಿದ್ದರು ಅವರು. ತಪ್ಪನ್ನು ಕಂಡರೆ ಅದಕ್ಕೆ ತಪ್ಪು ಎಂದೇ ಹೇಳಬೇಕೆಂಬುದು ಅಲ್ಲಿ ಕಲಿತ ಪಾಠ.

2013ರ ಆರಂಭದಲ್ಲಿ ಆರ್.ಟಿ. ನಗರದ ವೈದ್ಯೆಯೊಬ್ಬರು ನನ್ನ ರಕ್ತದ ವರದಿ ನೋಡಿ, ಸಕ್ಕರೆ ಗಡಿಯಲ್ಲಿದೆ ಎಂದರು. ಆಮೇಲೆ ನನ್ನ ತೋಳನ್ನು ಹಿಡಿದು, "ನಿಮಗೆ ಬರೀ ಕೊಬ್ಬು ಜಾಸ್ತಿ ಅಲ್ಲ ಮೇಡಂ, ಸ್ನಾಯುನೇ ಇಲ್ಲ. ಉಪವಾಸ ಮಾಡಿ ತೂಕ ಇಳಿಸಿದ್ರೆ ಇರೋ ಸ್ವಲ್ಪನೂ ಹೋಗುತ್ತೆ. ಭಾರ ಎತ್ತಿ," ಎಂದರು. ಹೆಣ್ಣಿಗೆ ತೆಳ್ಳಗಾಗು ಎನ್ನುವವರನ್ನೇ ಅದುವರೆಗೆ ಕಂಡಿದ್ದ ನನಗೆ, ಗಟ್ಟಿಯಾಗು ಎಂಬ ಮಾತು ನ್ಯಾಯವಾಗಿ ಕೇಳಿಸಿತು. ವಿದ್ಯಾರಣ್ಯಪುರದಲ್ಲಿ ಒಂದು ಜಿಮ್ ಸೇರಿದೆ.

ಆ ಜಿಮ್ ಒಂದು ಕಟ್ಟಡದ ನೆಲಮಾಳಿಗೆಯಲ್ಲಿತ್ತು. ಗಂಡಸರಿಗೆ ಬೆಳಗು, ಸಂಜೆ ಎರಡೂ. ಹೆಂಗಸರಿಗೆ ಗಂಡಸರು ಕೆಲಸಕ್ಕೆ ಹೋದ ನಂತರದ ಖಾಲಿ ಹೊತ್ತು ಮಾತ್ರ. ದುಡಿಯುವ ಹೆಂಗಸು ಇದಕ್ಕಾಗಿ ರಜೆ ಹಾಕಬೇಕೇ ಎಂದು ನಾನು ಮಾಲೀಕನಿಗೆ ಮೊದಲ ವಾರವೇ ಪತ್ರ ಕೊಟ್ಟೆ. ಉತ್ತರ ಬರಲಿಲ್ಲ. ಕಾಲೇಜಿನಲ್ಲಿ ಮಧ್ಯಾಹ್ನದ ಪಾಠಗಳನ್ನು ಕೇಳಿ ಪಡೆದು ಬೆಳಗಿನ ಹೊತ್ತು ಹೋಗತೊಡಗಿದೆ. ಮೂರು ಗೋಡೆಗಳಿಗೂ ಕನ್ನಡಿ ಹೊಡೆದಿದ್ದರು. ಎದುರಿನ ಕನ್ನಡಿಯಲ್ಲಿ ನನ್ನ ಮುಖ ಕಂಡರೆ, ಪಕ್ಕದ ಕನ್ನಡಿಗಳು ಒಂದರೊಳಗೊಂದು ಸೇರಿ ನನ್ನ ಬೆನ್ನನ್ನು ದೂರದೂರಕ್ಕೆ ಒಯ್ಯುತ್ತಿದ್ದವು. ಟ್ಯೂಬ್‌ಲೈಟು ಮಿಣುಕಿದಾಗ ಕೊನೆಯ ಬೆನ್ನು ಮಾತ್ರ ಕ್ಷಣ ತಡವಾಗಿ ಬಗ್ಗಿದಂತೆ ಕಾಣುತ್ತಿತ್ತು. ಅದು ಬೆಳಕಿನ ಆಟ. ಹಾಗೆಂದು ನನಗೆ ಗೊತ್ತಿತ್ತು; ಆದರೂ ಅತ್ತ ನೋಡುವುದನ್ನು ಬಿಟ್ಟೆ.

ಹೆಂಗಸರ ಹೊತ್ತಿನ ತರಬೇತುದಾರ್ತಿ ಗದಗದ ಕಡೆಯವಳು, ಹಿಂದೆ ಕಾಲೇಜಿನ ವಾಲಿಬಾಲ್ ತಂಡದಲ್ಲಿ ಆಡಿದವಳು. ಸದಾ ನಗು, ಸದಾ ಗದ್ದಲ.

"ಅಕ್ಕಾರ, ಈ ಬಾರ್ ಏನು ಹೂವಿನ ಹಾರ ಅಲ್ರಿ, ಹಂಗ ನಾಜೂಕಾಗಿ ಹಿಡೀಬ್ಯಾಡ್ರಿ. ಭಾಷಣ ಮಾಡೂ ಮುಂದ ಮೈಕ್ ಹಿಡಿತೀರಲ್ಲ, ಹಂಗ ಗಟ್ಟಿ ಹಿಡೀರಿ!"

"ನಾನು ಮೈಕ್ ಹಿಡಿಯೋದನ್ನ ನೀನು ಎಲ್ಲಿ ನೋಡಿದೆ?"

"ನೋಡೂದ್ಯಾಕ್ರಿ, ಇಲ್ಲೇ ದಿನಾ ಕೇಳ್ತೀನಲ್ಲ."

ಅವಳು ಹೇಳಿಕೊಟ್ಟ ಕ್ರಮ ಸರಳವಾಗಿತ್ತು. ವಾರಕ್ಕೆ ಕೆಲವು ದಿನ ಭಾರ: ಕೂತು ಏಳುವುದು, ನೆಲದಿಂದ ಎತ್ತುವುದು, ತಲೆಯ ಮೇಲೆ ತಳ್ಳುವುದು. ಊಟದಲ್ಲಿ ಅನ್ನ, ಸಕ್ಕರೆ, ಎಣ್ಣೆ ಕಡಿಮೆ. ಮೊಟ್ಟೆ, ಕೋಳಿ, ಮೊಸರು, ಹುರುಳಿ, ಮೊಳಕೆ ಕಾಳು ಹೆಚ್ಚು. ಬಾಗಿಲ ಬಳಿ ಸಾಲಾಗಿ ಇಟ್ಟಿದ್ದ, ಒಳಗೇನಿದೆಯೆಂದು ಬರೆಯದ ಪುಡಿಯ ಡಬ್ಬಗಳನ್ನು ನಾನು ಮುಟ್ಟಲಿಲ್ಲ. ಮುಟ್ಟುವವರನ್ನೂ ತಡೆದೆ, ಮಾಲೀಕನಿಗೆ ಇನ್ನೊಂದು ಪತ್ರ ಕೊಟ್ಟೆ.

ತಿಂಗಳುಗಳು ಕಳೆದವು. ಸೊಂಟದ ಸುತ್ತ ಟೇಪು ಬಿಗಿಯುವ ಗುರುತು ಒಳಒಳಗೆ ಸರಿಯಿತು. ಚೂಡಿದಾರದ ಲಾಡಿಯನ್ನು ಎಳೆದು ಕಟ್ಟಬೇಕಾಯಿತು. ಭುಜದಿಂದ ತೋಳಿಗೆ ಇಳಿಯುವ ಕಡೆ ಒಂದು ಗೆರೆ ಮೂಡಿತು. ಆದರೆ ತೂಕದ ಯಂತ್ರದ ಮುಳ್ಳು ಮೊದಲ ದಿನ ಎಲ್ಲಿ ನಿಂತಿತ್ತೋ ಅಲ್ಲೇ ನಿಲ್ಲುತ್ತಿತ್ತು. ನಾನು ಬೇಸರಪಟ್ಟರೆ ತರಬೇತುದಾರ್ತಿಗೆ ನಗು. "ಕೊಬ್ಬು ಎಷ್ಟು ಹೋಗೇತಿ ಅಷ್ಟ ಸ್ನಾಯು ಬಂದೇತ್ರಿ ಅಕ್ಕಾರ. ತೂಕ ಅಷ್ಟ, ಆಳು ಬ್ಯಾರೆ!"

ನಾನು ಆ ಮಾತನ್ನು ಮನೆಗೆ ತಂದು ಅಮ್ಮನಿಗೆ ಹೇಳಿದೆ. ಅವಳು ಅವರೆಕಾಳು ಆರಿಸುತ್ತಿದ್ದವಳು ಕೈ ನಿಲ್ಲಿಸಿದಳು.

"ತೂಕ ಕಮ್ಮಿ ಆಗಿಲ್ವಾ?"

"ಇಲ್ಲಮ್ಮ. ಅಷ್ಟೇ ಇದೆ."

"ಒಟ್ಟೆ ಕರಗೈತೆ. ಮಕ ಇಳ್ದೈತೆ. ಕಣ್ಣಾರೆ ಕಾಣ್ತೈತಲ್ಲ."

"ಹೌದು. ಅದಕ್ಕೇ ಹೇಳಿದ್ದು, ಹೋದದ್ದರ ಜಾಗಕ್ಕೆ—"

"ಓಗಿರೋದು ಓಯ್ತು," ಅಮ್ಮ ನನ್ನ ಮುಖ ನೋಡದೆ ಕೇಳಿದಳು. "ಆ ಜಾಗಕ್ಕೆ ಬಂದಿರೋರು ಯಾರು?"

ನಾನು ಸ್ನಾಯುಗಳ ಬಗ್ಗೆ, ಕೊಬ್ಬಿನ ಬಗ್ಗೆ, ತರಗತಿಯಲ್ಲಿ ಹೇಳುವಂತೆ ನಿಧಾನವಾಗಿ ವಿವರಿಸಿದೆ. ಅಮ್ಮ ತಲೆಯಾಡಿಸಿದಳು. ಆ ದಿನ ಅವಳು ಮಧ್ಯಾಹ್ನದ ಊಟ ಮಾಡಲಿಲ್ಲ. ಮರುದಿನವೂ ಮಾಡಲಿಲ್ಲ. ಕೇಳಿದರೆ ಹಸಿವಿಲ್ಲ ಎಂದಳು.

ನನ್ನ ಕೋಣೆಯ ಬಾಗಿಲ ಹೊರಗೆ ತಟ್ಟೆ ಕಾಣಿಸಿಕೊಂಡದ್ದು ಅದೇ ವಾರ. ಮುಚ್ಚಳ ತೆಗೆದರೆ ಒಂದು ಮುದ್ದೆ, ಬಟ್ಟಲಲ್ಲಿ ಸಾರು, ಅಂಚಿನಲ್ಲಿ ಒಂದು ಚೂರು ಬೆಲ್ಲ. ನನ್ನ ಪಥ್ಯ ಅಮ್ಮನಿಗೆ ಗೊತ್ತಿತ್ತು.

"ಅಮ್ಮ, ನಾನು ಇದನ್ನ ತಿನ್ನಲ್ಲ ಅಂತ ಹೇಳಿದ್ದೀನಲ್ಲ."

ಅಡುಗೆಮನೆಯಿಂದ ಉತ್ತರ ಬಂತು. "ನಿಂಗಲ್ಲ ಕಣೆ ಅದು. ಮುಟ್ಬೇಡ."

ಸಂಜೆಯ ಹೊತ್ತಿಗೆ ಅವಳು ಅದನ್ನು ಬೀದಿಯ ಹಸುವಿಗೆ ಹಾಕಿ ತಟ್ಟೆ ತೊಳೆದಿಟ್ಟಳು. ಮರುದಿನ ಮತ್ತೆ ಇಟ್ಟಳು. ಒಳಗೆ ಕೂತು ಉತ್ತರಪತ್ರಿಕೆ ತಿದ್ದುತ್ತಿದ್ದ ನನಗೆ, ಬಾಗಿಲಾಚೆ ತಟ್ಟೆಯನ್ನು ನೆಲಕ್ಕಿಡುವ ಸದ್ದು, ಆಮೇಲೆ ಅಮ್ಮ ಅಲ್ಲೇ ಸ್ವಲ್ಪ ಹೊತ್ತು ನಿಂತಿರುವ ಉಸಿರು ಕೇಳಿಸುತ್ತಿತ್ತು. ಅವಳು ಏನನ್ನೋ ಕಾಯುತ್ತಿದ್ದಳು.

ಇದೇ ದಿನಗಳಲ್ಲಿ, ನಮ್ಮ ಬೀದಿಯ ಕೊನೆಯಲ್ಲಿ ಗೋಣಿಚೀಲ ಹಾಸಿ ಸೊಪ್ಪು ಮಾರುವ ಮುದುಕಿ ನನ್ನನ್ನು ಕಂಡು ಎದ್ದು ನಿಂತಳು. ಜಿಮ್ಮಿನಿಂದ ಬರುತ್ತಿದ್ದೆ, ಹೆಗಲಿಗೆ ಚೀಲವಿತ್ತು. "ಯಾವಾಗ್ ಬಂದ್ಯವ್ವ?" ಎಂದಳು ಅವಳು, ಬಹಳ ಮೆತ್ತಗೆ. "ಏಸು ವರ್ಸ ಆಯ್ತು ನಿನ್ನ ನೋಡಿ! ಇಂಗೇ ಉಲ್ಲು ಒತ್ಕೊಂಡು ಬರ್ತಿದ್ದೆ ನೀನು, ಸಂಜೆಮುಂದ." ನಾನು ಹತ್ತಿರ ಹೋಗಿ ಮಾತಾಡಿಸಿದ ಮೇಲೆ ಅವಳಿಗೆ ಗುರುತು ಸಿಕ್ಕಿತು. ಗುರುತು ಸಿಕ್ಕಿದ ಮೇಲೆ ಅವಳ ಮುಖ ಬೆಳ್ಳಗಾಯಿತು. ಸೊಪ್ಪಿನ ಕಟ್ಟು ಕೈಗಿತ್ತು, ಬೇಗ ಹೋಗು ಎಂದಳು.

ಮುದುಕಿಗೆ ಕಣ್ಣಿನ ಪೊರೆ ಇತ್ತು. ಹೆಬ್ಬಾಳದ ಕಡೆ ನಡೆದ ಕಣ್ಣಿನ ಶಿಬಿರಕ್ಕೆ ಅವಳನ್ನು ನಾನೇ ಒಮ್ಮೆ ಕರೆದೊಯ್ದು, ಶಸ್ತ್ರಚಿಕಿತ್ಸೆಗೆ ಅವಳ ಮಗ ಒಪ್ಪದ ಕಾರಣ ವಾಪಸು ಕರೆತಂದಿದ್ದೆ. ಆದ್ದರಿಂದ ಆ ಘಟನೆಗೆ ಕಾರಣವಿದೆ. ಆದರೆ ಅವಳು ಯಾರನ್ನು ಕಂಡಳೆಂದು ನಾನು ಕೇಳಲಿಲ್ಲ, ಏಕೆಂದರೆ ಹುಲ್ಲು ಹೊತ್ತು ತರುತ್ತಿದ್ದವಳು ಯಾರೆಂಬುದು ನನಗೆ ಗೊತ್ತಿತ್ತು.

ನನಗೆ ಒಬ್ಬಳು ಅಕ್ಕ ಇದ್ದಳು. ಅವಳನ್ನು ಶಾಲೆ ಬಿಡಿಸಿ ಮನೆಗೆಲಸಕ್ಕೆ, ಹಸುಗಳಿಗೆ ಕಟ್ಟಿಹಾಕಿದರು, ನನ್ನನ್ನು ಓದಿಸಿದರು. ಇದು ಮೊದಲ ಅನ್ಯಾಯ. ಕೆರೆಯಂಚಿನಿಂದ ಹುಲ್ಲಿನ ಹೊರೆ, ಕೊಳವೆಬಾವಿಯಿಂದ ಕೊಡ, ಗಿರಣಿಯಿಂದ ರಾಗಿಹಿಟ್ಟಿನ ಮೂಟೆ ಹೊತ್ತು ಹೊತ್ತು ಅವಳಿಗೆ ಅಗಲವಾದ ಹೆಗಲು, ಬಿಗಿಯಾದ ಬೆನ್ನು ಬಂದಿದ್ದವು. ಎರಡು ಕೈಯಲ್ಲಿ ಎರಡು ಕೊಡ ಹಿಡಿದು, ಒಂದು ಹನಿಯೂ ತುಳುಕದೆ, ಹಿಂದೆ ಓಡಿಬರುತ್ತಿದ್ದ ನನ್ನನ್ನು ಬೈಯುತ್ತ ನಡೆಯುತ್ತಿದ್ದಳು. ಅದು ದುಡಿದ ಮೈ, ಚೆಂದದ ಮೈ. ನೋಡಲು ಬಂದ ಗಂಡಿನ ಕಡೆಯವರು ಅದನ್ನು ಕಂಡು, ಹುಡುಗಿ ಗಂಡಾಳಿನ ಹಾಗಿದ್ದಾಳೆ ಎಂದರು. ಮತ್ತೊಂದು ಕಡೆಯವರೂ ಅದನ್ನೇ ಅಂದರು. ಇದು ಎರಡನೆಯ ಅನ್ಯಾಯ. ಮೂರನೆಯದನ್ನು ಮನೆಯವರೇ ಮಾಡಿದರು: ಹೆಗಲು ಇಳಿಯಲೆಂದು ಅವಳ ಊಟ ಇಳಿಸಿದರು. ಮುದ್ದೆ ಅರ್ಧವಾಯಿತು, ಆಮೇಲೆ ಒಂದು ಹೊತ್ತಾಯಿತು. ಬಡಿಸುತ್ತಿದ್ದವಳು ಅಮ್ಮ. ಅಕ್ಕ ಎದುರಾಡಲಿಲ್ಲ, ತಟ್ಟೆ ಖಾಲಿಯಾದ ಮೇಲೂ ಅದರ ಮುಂದೆ ಸ್ವಲ್ಪ ಹೊತ್ತು ಕೂತಿರುತ್ತಿದ್ದಳು.

ಮೈ ಕರಗಿದ ಮೇಲೆ ಅವಳನ್ನು ಯಶವಂತಪುರದ ಸ್ಟುಡಿಯೊಗೆ ಕರೆದೊಯ್ದು ಫೋಟೊ ತೆಗೆಸಿದರು. ಅದೇ ಮಳೆಗಾಲದಲ್ಲಿ ಜ್ವರ ಬಂತು. ತಡೆಯುವ ಶಕ್ತಿ ಅವಳಲ್ಲಿ ಉಳಿದಿರಲಿಲ್ಲ. ಆ ಫೋಟೊ ಒಂದೇ ಅವಳದೆಂದು ನಮ್ಮ ಮನೆಯಲ್ಲಿರುವುದು. ಅದರಲ್ಲಿರುವ ಕೆನ್ನೆಯೊಣಗಿದ ಹುಡುಗಿ ನನ್ನ ಅಕ್ಕನಲ್ಲ ಎಂದು ನನಗೆ ಯಾವಾಗಲೂ ಅನ್ನಿಸಿದೆ.

ನಮ್ಮಲ್ಲಿ ಮಹಾಲಯ ಅಮಾವಾಸ್ಯೆಯ ದಿನ ಹಿರಿಯರ ಹಬ್ಬ ಮಾಡುತ್ತಾರೆ. ಸತ್ತವರಿಗೆ ಹೊಸ ಬಟ್ಟೆಯಿಟ್ಟು, ಅವರಿಗೆ ಇಷ್ಟವಾಗಿದ್ದ ಅಡುಗೆಯನ್ನು ರುಚಿ ನೋಡದೆ ಎಲೆಗೆ ಬಡಿಸಿ, ಸಾಂಬ್ರಾಣಿ ಹಾಕಿ, ಬಾಗಿಲು ಮುಚ್ಚಿಕೊಂಡು ಎಲ್ಲರೂ ಹೊರಗೆ ನಿಲ್ಲುತ್ತಾರೆ. ಒಳಗೆ ಅವರು ಬಂದು ಉಣ್ಣುತ್ತಾರೆಂದು ನಂಬಿಕೆ. ಸ್ವಲ್ಪ ಹೊತ್ತಾದ ಮೇಲೆ ಬಾಗಿಲು ತಟ್ಟಿ, ಒಳಗೆ ಹೋಗಿ, ಮನೆಯವರು ಉಣ್ಣುತ್ತಾರೆ. ಅಜ್ಜನಿಗೆ, ಅಜ್ಜಿಗೆ, ಅಪ್ಪನಿಗೆ ಎಲೆ ಹಾಕುತ್ತಿದ್ದರು. ಅಕ್ಕನಿಗೆ ಇಲ್ಲ. ಮದುವೆಯಾಗದೆ ಸತ್ತವರು ಹಿರಿಯರ ಸಾಲಿಗೆ ಸೇರುವುದಿಲ್ಲವೆಂಬುದು ನಮ್ಮ ಮನೆತನದ ಕಟ್ಟಳೆ. ಮದುವೆಗೆಂದು ಹಸಿವಿನಲ್ಲಿಟ್ಟರು, ಮದುವೆಯಾಗಲಿಲ್ಲವೆಂದು ಸತ್ತ ಮೇಲೂ ಹಸಿವಿನಲ್ಲಿಟ್ಟರು. ನಾನು ಹಲವು ಬಾರಿ ಕೇಳಿದ್ದೇನೆ, ಜಗಳವಾಡಿದ್ದೇನೆ. ಅಮ್ಮ ಪ್ರತಿ ಸಲವೂ ಎದ್ದು ಅಡುಗೆಮನೆಗೆ ಹೋಗುತ್ತಿದ್ದಳು.

ಈಗ ನನ್ನ ಕೋಣೆಯ ಮುಂದಿನ ತಟ್ಟೆ ಯಾರಿಗೆಂದು ನನಗೆ ತಿಳಿಯಿತು. ತಿಳಿದದ್ದನ್ನು ಒಪ್ಪಿಕೊಳ್ಳಲು ಮಾತ್ರ ಮನಸ್ಸಾಗಲಿಲ್ಲ.

ಜಿಮ್ಮಿನಲ್ಲಿ ತರಬೇತುದಾರ್ತಿ ಬದಲಾವಣೆ ತೋರಿಸಲೆಂದು ಆಗಾಗ ನನ್ನ ಬೆನ್ನಿನ ಫೋಟೊ ತೆಗೆಯುತ್ತಿದ್ದಳು. ಯಾರಿಗೂ ತೋರಿಸಬಾರದು, ಗೋಡೆಗೆ ಅಂಟಿಸಬಾರದು ಎಂಬ ಷರತ್ತಿನ ಮೇಲೆ, ನನ್ನ ಫೋನಿನಲ್ಲೇ ತೆಗೆಸಿಕೊಳ್ಳುತ್ತಿದ್ದೆ. ಜುಲೈ ತಿಂಗಳ ಒಂದು ದಿನ ಸಾಮಾನಿನ ಚೀಲ ಇಳಿಸುವಾಗ ಫೋನು ಮೇಜಿನ ಮೇಲಿತ್ತು, ಫೋಟೊ ತೆರೆದಿತ್ತು. ತೋಳಿಲ್ಲದ ಬನಿಯನ್ನು ತೊಟ್ಟು ಬಾರ್ ಹಿಡಿದು ನಿಂತ ನನ್ನ ಬೆನ್ನು, ಮುಖ ಕಾಣುತ್ತಿರಲಿಲ್ಲ.

ಅಮ್ಮ ಫೋನನ್ನು ಎರಡೂ ಕೈಯಲ್ಲಿ ಎತ್ತಿಕೊಂಡಳು.

"ಇದೆಲ್ಲಿ ಸಿಕ್ತು ನಿಂಗೆ?"

"ಜಿಮ್ಮಲ್ಲಿ ತೆಗೆದದ್ದಮ್ಮ. ನಾನೇ."

"ಸುಳ್ಳೇಳ್ಬೇಡ. ಅವಳು ಚೆಂದಾಗಿದ್ದಾಗಿನ ಪಟ ಒಂದೂ ತೆಗ್ಸಿರ್ಲಿಲ್ಲ ನಾವು." ಅವಳ ಬೆರಳು ಗಾಜಿನ ಮೇಲೆ, ಎಡ ಹೆಗಲಿನಿಂದ ಬೆನ್ನಿಗೆ ಇಳಿಯುವ ಗೆರೆಯ ಮೇಲೆ ಆಡುತ್ತಿತ್ತು. "ಎಣ್ಣೆ ತಿಕ್ತಿದ್ನಲ್ಲ ನಾನು. ನಂಗೊತ್ತಿಲ್ವಾ ಅವಳ ಬೆನ್ನು?"

ಒಂದೇ ತಾಯಿಯ ಮಕ್ಕಳು ನಾವು. ಕೊಬ್ಬು ಇಳಿದರೆ, ಸ್ನಾಯು ಏರಿದರೆ, ಅದೇ ಮೂಳೆಯ ಮೇಲೆ ಅದೇ ಆಕಾರ ಮೂಡುವುದು ಸಹಜ. ಇದನ್ನು ನಾನು ಅಮ್ಮನಿಗೆ ಹೇಳಿದೆ. ಹೇಳುತ್ತ ಹೇಳುತ್ತ ಆ ಫೋಟೊವನ್ನು ನೋಡಿದೆ. ಅಲ್ಲಿ ಬೆನ್ನು ತಿರುಗಿಸಿ ನಿಂತವಳು ಇನ್ನೇನು ತಿರುಗುತ್ತಾಳೆ ಎಂಬಂತಿತ್ತು. ನಾನೇ ಫೋನನ್ನು ಆರಿಸಿದೆ.

ಆಗಸ್ಟಿನಲ್ಲಿ ಅಮ್ಮ ಹಿತ್ತಲಿನ ನಲ್ಲಿಯ ಬಳಿ ಕುಸಿದಳು. ಪೆಟ್ಟಾಗಲಿಲ್ಲ. ಎತ್ತಿ ಒಳಗೆ ತರುವಾಗ ನನಗೆ ಏದುಸಿರೂ ಬರಲಿಲ್ಲ. ನಾನು ಜಿಮ್ಮಿನಲ್ಲಿ ಎತ್ತುವ ಭಾರಕ್ಕಿಂತ ಅವಳು ಹಗುರವಾಗಿದ್ದಳು. ಹಾಗೆ ಹಗುರವಾಗಿದ್ದಾಳೆಂದು ನನ್ನ ತೋಳು ತಾನಾಗಿ ಅಳೆದದ್ದು ಇಂದಿಗೂ ನನಗೆ ಮರೆಯಲಾಗದ ಸಂಗತಿ. ಬೇರೊಬ್ಬ ವೈದ್ಯರು, ಗಂಡಸು, ವಯಸ್ಸಾಯ್ತಲ್ಲ ಎಂದು ಟಾನಿಕ್ ಬರೆದರು. ಹಸಿದ ಮುದುಕಿಯನ್ನು ವಯಸ್ಸು ಎಂಬ ಪದದಿಂದ ಮುಚ್ಚಿಹಾಕುವುದು ತಪ್ಪೆಂದು ಅವರಿಗೆ ಹೇಳಿ, ಆರ್.ಟಿ. ನಗರದ ವೈದ್ಯೆಯ ಬಳಿ ಕರೆದೊಯ್ದೆ. ಅವರು ಎಲ್ಲ ಪರೀಕ್ಷೆ ಮಾಡಿಸಿ, ನನ್ನನ್ನು ಪಕ್ಕಕ್ಕೆ ಕರೆದರು. "ಕಾಯಿಲೆ ಇಲ್ಲ. ಊಟ ಮಾಡ್ತಿಲ್ಲ, ಅಷ್ಟೇ. ಈ ವಯಸ್ಸಲ್ಲಿ ಸ್ನಾಯು ಹೋದ್ರೆ ವಾಪಸ್ ಬರೋದು ಕಷ್ಟ. ಇನ್ನೊಂದು ಸಲ ಬಿದ್ರೆ ಏಳಲ್ಲ. ಹೇಗಾದ್ರೂ ತಿನ್ನಿಸಿ."

ಆ ಸಂಜೆ ಅಮ್ಮನ ಮುಂದೆ ಅನ್ನ ಕಲೆಸಿ ಕೂತೆ.

"ಒಂದು ತುತ್ತು."

"ಇಳಿಯಲ್ಲ ಕಣೆ."

"ಯಾಕೆ ಇಳಿಯಲ್ಲ?"

"ಅವಳು ಉಂಡಿಲ್ವಲ್ಲ." ಅಮ್ಮ ನನ್ನ ಕಡೆಗೆ ಬೆರಳು ತೋರಿಸಿದಳು, ನನ್ನ ಮುಖಕ್ಕಲ್ಲ, ಎದೆಯ ಕೆಳಗಿನ, ಕರಗಿದ ಹೊಟ್ಟೆಯ ಕಡೆಗೆ. "ಬಂದು ಇಷ್ಟು ದಿನ ಆಯ್ತು. ನೀನು ತಕ್ಕಡಿಲಿ ತೂಗ್ತೀಯ, ಸಪ್ಪೆ ಕೋಳಿ ತಿಂತೀಯ. ನಾ ಮಾಡಿದ್ದೇ ನೀನೂ ಮಾಡ್ತಿದೀಯ ಅವಳಿಗೆ. ಒಳಗೆ ಕೂತು ನೋಡ್ತಾವ್ಳೆ. ಅವಳ ಮುಂದೆ ನಾ ಎಂಗ್ ಉಣ್ಲಿ?"

ಕೋಪದಲ್ಲಿ ಹೇಳಿದ್ದರೆ ವಾದಿಸಬಹುದಿತ್ತು. ಅವಳು ಲೆಕ್ಕ ಹೇಳುವ ಹಾಗೆ ಹೇಳಿದಳು. ತೂಕ ಅಷ್ಟೇ ಇದೆ. ಅರ್ಧ ಆಳು ಕರಗಿದೆ. ಆದ್ದರಿಂದ ಇನ್ನರ್ಧ ಆಳು ಒಳಗೆ ಬಂದಿದೆ. ನಾನು ತಂದ ವಿಜ್ಞಾನದ ಮಾತಿನಿಂದಲೇ ಅವಳು ಅಲ್ಲಿಗೆ ಮುಟ್ಟಿದ್ದಳು.

ವ್ಯಾಯಾಮ ಬಿಟ್ಟುಬಿಡಲೇ ಎಂದು ತರಬೇತುದಾರ್ತಿಯನ್ನು ಕೇಳಿದೆ. ಅಮ್ಮ ಉಣ್ಣುತ್ತಿಲ್ಲ ಎಂದಷ್ಟೇ ಹೇಳಿದೆ. ಅವಳ ನಗು ನಿಂತಿತು. "ನೀವು ಬಿಟ್ರ ಅವರು ಉಣ್ತಾರಂತ ಏನ್ ಗ್ಯಾರಂಟಿ ಅಕ್ಕಾರ? ಕೂಡಿ ಉಣ್ರಿ. ನಮ್ಮ ಅವ್ವಂದೂ ಹಂಗ, ಒಬ್ರ ತಟ್ಟಿ ಖಾಲಿ ಆದ್ರನ ಆಕಿಗೆ ಹಸಿವು."

ಹಬ್ಬ ಹತ್ತಿರ ಬಂತು. ನಾನು ಅಮ್ಮನಿಗೆ ಹೇಳಿದೆ: ಈ ವರ್ಷ ಅಕ್ಕನಿಗೂ ಎಲೆ ಹಾಕೋಣ. ಕಟ್ಟಳೆ ಮುರಿಯೋಣ. ಯಾರು ಕೇಳಿದರೂ ನಾನು ಉತ್ತರ ಕೊಡುತ್ತೇನೆ.

ಅಮ್ಮ ಒಲೆಯ ಉರಿ ತಗ್ಗಿಸಿದಳು. "ಎಲೆ ಆಕಿ ಬಾಗ್ಲು ಮುಚ್ಚಿದ್ರೆ ಹೊರಗಿದ್ದೋರು ಬಂದು ಉಣ್ತಾರೆ. ಅವಳು ಹೊರಗಿಲ್ವಲ್ಲ."

"ಮತ್ತೆ?"

"ನೀನು ಒಳಗೆ ಕೂತ್ಕೊ."

ಅದರ ಅರ್ಥ ತಿಳಿಯಲು ನನಗೆ ಒಂದು ಕ್ಷಣ ಬೇಕಾಯಿತು. ಎಲೆಯ ಮುಂದೆ, ಮುಚ್ಚಿದ ಬಾಗಿಲಿನ ಒಳಗೆ, ಬದುಕಿದವರು ಯಾರೂ ಇರಬಾರದ ಹೊತ್ತಿನಲ್ಲಿ, ನಾನು ಕೂತು ಉಣ್ಣಬೇಕು. ತೂಗದೆ, ಬಿಡದೆ, ಅಕ್ಕನಿಗೆಂದು ಬಡಿಸಿದ್ದೆಲ್ಲವನ್ನೂ.

ದೆವ್ವ, ಗಾಳಿ, ಮೈಮೇಲೆ ಬರುವುದು ಇವುಗಳ ಹೆಸರಿನಲ್ಲಿ ಹೆಣ್ಣುಮಕ್ಕಳನ್ನು ಹೊಡೆದು, ಬೇವಿನ ಸೊಪ್ಪಿನಲ್ಲಿ ಬಡಿದು, ಉಪವಾಸ ಕೆಡವುವುದರ ವಿರುದ್ಧ ನಾನು ಹೆಸರಘಟ್ಟದ ಸುತ್ತಿನ ಹಳ್ಳಿಗಳಲ್ಲಿ ಸಭೆ ಮಾಡಿದ್ದೇನೆ. ಅಂಥ ನಂಬಿಕೆ ಸುಳ್ಳು ಎಂದು ಆಗಲೂ ಹೇಳುತ್ತಿದ್ದೆ, ಈಗಲೂ ಹೇಳುತ್ತೇನೆ. ಆದರೆ ನನ್ನ ಮುಂದೆ ಇದ್ದದ್ದು ವಾದವಲ್ಲ, ಬಳೆಗಳು ಮೊಣಕೈವರೆಗೆ ಜಾರುತ್ತಿದ್ದ ಒಂದು ಕೈ. ಒಪ್ಪಿದೆ.

ಅಮಾವಾಸ್ಯೆಯ ದಿನ ಅಮ್ಮ ನಸುಕಿನಿಂದಲೇ ಒಲೆಯ ಮುಂದಿದ್ದಳು. ಎಲ್ಲಿತ್ತೋ ಆ ಶಕ್ತಿ. ನಾನು ಸಹಾಯಕ್ಕೆ ಹೋದರೆ ಗದರಿದಳು. ಕೋಳಿ ಸಾರು, ಮಟನ್ ಹುರಿದದ್ದು, ಮುದ್ದೆ, ಒತ್ತು ಶಾವಿಗೆ, ಕಾಯಿಹಾಲು, ಕಜ್ಜಾಯ. ಯಾವುದಕ್ಕೂ ನಾಲಿಗೆ ಮುಟ್ಟಿಸಲಿಲ್ಲ. ಅಪ್ಪನ, ಅಜ್ಜ ಅಜ್ಜಿಯರ ಎಲೆಗಳನ್ನು ಹಜಾರದಲ್ಲಿ ಹಾಕಿದಳು. ಮಧ್ಯಾಹ್ನ ಇಳಿಯುವ ಹೊತ್ತಿಗೆ ನಡುಕೋಣೆಯಲ್ಲಿ ಒಂದೇ ಒಂದು ಎಲೆ ಹಾಕಿ, ಪಕ್ಕದಲ್ಲಿ ಒಂದು ಹಸಿರು ಸೀರೆ ಇಟ್ಟಳು. ಸಾಂಬ್ರಾಣಿಯ ಹೊಗೆ ತುಂಬಿತು. ಕಿಟಕಿ ಮುಚ್ಚಿದಳು. ನನ್ನನ್ನು ಮಣೆಯ ಮೇಲೆ ಕೂರಿಸಿ, ತಲೆ ಸವರಿ, "ನಿಧಾನಕ್ಕೆ ಉಣ್ಣವ್ವ. ಯಾರೂ ಏನೂ ಅನ್ನಲ್ಲ," ಎಂದಳು. ಬಾಗಿಲು ಎಳೆದುಕೊಂಡಳು.

ಕತ್ತಲಲ್ಲ; ಬಾಗಿಲ ಸಂದಿಯಿಂದ ಬಂದ ಬೆಳಕು ಹೊಗೆಯಲ್ಲಿ ಕರಗಿ ಕೋಣೆಯೆಲ್ಲ ಹಾಲು ಬೆರೆಸಿದ ನೀರಿನಂತಿತ್ತು. ನಾನು ಮುದ್ದೆ ಮುರಿದೆ. ಮೊದಲ ತುತ್ತುಗಳು ಗಂಟಲಲ್ಲಿ ನಿಂತವು. ತಿಂಗಳುಗಳಿಂದ ಇಷ್ಟು ಉಪ್ಪು, ಇಷ್ಟು ಖಾರ, ಇಷ್ಟು ಎಣ್ಣೆ ಕಂಡಿರಲಿಲ್ಲ. ಅರ್ಧಕ್ಕೆ ಬರುವ ಹೊತ್ತಿಗೆ ನಿಲ್ಲಬೇಕಾಗುತ್ತದೆಂದು ಎಣಿಸಿದ್ದೆ. ನಿಲ್ಲಲಿಲ್ಲ. ಕೈ ಎಲೆಗೂ ಬಾಯಿಗೂ ಒಂದೇ ಲಯದಲ್ಲಿ ಹೋಗಿ ಬರುತ್ತಿತ್ತು. ಭಾರ ಎತ್ತುವಾಗ ಉಸಿರು ತಾನೇ ಲೆಕ್ಕ ಹಿಡಿಯುವಂತೆ. ಶಾವಿಗೆಗೆ ಕಾಯಿಹಾಲು ಸುರಿದು, ಎಲೆಯ ಅಂಚಿಗೆ ಹರಿಯದಂತೆ ಅಂಗೈಯಿಂದ ಕಟ್ಟೆ ಕಟ್ಟಿ ಎತ್ತಿದೆ. ಹಾಗೆ ಉಣ್ಣುವುದು ನನಗೆ ಅಭ್ಯಾಸವಿಲ್ಲ. ಹಾಗೆ ಯಾರು ಉಣ್ಣುತ್ತಿದ್ದರೆಂದು ನೆನಪಾಯಿತು; ಆದರೂ ಕೈ ನಿಲ್ಲಲಿಲ್ಲ. ಬಾಗಿಲಾಚೆ ಅಮ್ಮನ ಉಸಿರು ಕೇಳುತ್ತಿತ್ತು. ಒಳಗೆ ನನ್ನದೊಂದೇ ಉಸಿರು ಇರಬೇಕಿತ್ತು. ಕಿವಿಗೊಟ್ಟು ಕೇಳಲು ಧೈರ್ಯ ಬರಲಿಲ್ಲ.

ಎಲೆ ಖಾಲಿಯಾಯಿತು. ಬಾಗಿಲು ಮೂರು ಸಲ ತಟ್ಟಿದ ಸದ್ದಾಯಿತು.

ಅಮ್ಮ ಒಳಗೆ ಬಂದು ಎಲೆ ನೋಡಿದಳು. ನನ್ನ ಮುಖ ನೋಡಲಿಲ್ಲ. ಕೈ ತೊಳೆಯಲು ಬಿಡದೆ ಹಸಿರು ಸೀರೆಯನ್ನು ನನ್ನ ಹೆಗಲ ಮೇಲೆ ಹೊದಿಸಿ, ಹೆಗಲನ್ನು ಎರಡೂ ಕೈಯಿಂದ ಒತ್ತಿ ಹಿಡಿದಳು. ಆಮೇಲೆ ಮುಂಬಾಗಿಲಿಗೆ ಕರೆದೊಯ್ದಳು.

"ಉಂಡಾಯ್ತಲ್ಲ," ಎಂದಳು. "ಇನ್ನು ಓಗ್ಬೇಕು. ಮುಂಬಾಗಿಲಿಂದ ಓಗು. ಓಯ್ತೀನಿ ಅಂತ ಏಳ್ಬಿಟ್ಟು ಓಗು."

ನಮ್ಮಲ್ಲಿ ಮನೆಯಿಂದ ಹೊರಡುವವರು ಬರ್ತೀನಿ ಎಂದೇ ಹೇಳುತ್ತಾರೆ. ಇನ್ನೊಂದು ಮಾತನ್ನು ಹೊಸಿಲಿನಲ್ಲಿ ಯಾರೂ ಆಡುವುದಿಲ್ಲ. ನಾನು ಅಮ್ಮನ ಮುಖ ನೋಡಿದೆ. ಅವಳು ಚೊಂಬು ಹಿಡಿದು ಕಾಯುತ್ತಿದ್ದಳು.

"ಹೋಗ್ತೀನಮ್ಮ," ಎಂದೆ.

ಅಮ್ಮ ಹೊಸಿಲಿಗೆ ಚೊಂಬಿನ ನೀರು ಸುರಿದಳು. ನಾನು ಬೀದಿಗಿಳಿದೆ. ಹಬ್ಬದ ಮನೆಗಳ ಬಾಗಿಲುಗಳೆಲ್ಲ ಮುಚ್ಚಿದ್ದವು. ಹೊರಗೆ ಜಗಲಿಗಳ ಮೇಲೆ ಜನ ತಮ್ಮತಮ್ಮ ಸತ್ತವರಿಗಾಗಿ ಮಾತಿಲ್ಲದೆ ಕಾಯುತ್ತ ನಿಂತಿದ್ದರು. ದಿನವೂ ಮಾತಾಡಿಸುವವರು ಆ ದಿನ ನನ್ನನ್ನು ಕಂಡು ಮುಖ ತಗ್ಗಿಸಿದರು. ಬೀದಿಯ ನಾಯಿ ಎದ್ದು ದಾರಿ ಬಿಟ್ಟಿತು. ಹೊಟ್ಟೆ ತುಂಬಿದ ಭಾರಕ್ಕೆ ಹೆಜ್ಜೆ ನಿಧಾನವಾಗಬೇಕಿತ್ತು. ಎರಡೂ ಕೈಯಲ್ಲಿ ತುಂಬಿದ ಕೊಡ ಹಿಡಿದವಳಂತೆ, ತುಳುಕದ ಹಾಗೆ, ನೆಟ್ಟಗೆ ನಡೆದೆ. ತಿರುವಿನಲ್ಲಿ, ಸಹಕಾರನಗರದ ರಸ್ತೆ ಸೇರುವ ಕಡೆ, ನಾನೇ ನಿಂತೆನೋ ಯಾರಾದರೂ ನಿಲ್ಲಿಸಿದರೋ ತಿಳಿಯದು. ಸ್ವಲ್ಪ ಹೊತ್ತು ಹಾಗೇ ನಿಂತಿದ್ದೆ. ಒಂದು ಬಸ್ಸು ಹೋಯಿತು. ಅದರ ಗಾಳಿಗೆ ಹೆಗಲ ಮೇಲಿದ್ದ ಸೀರೆ ಜಾರಿ ರಸ್ತೆಯಾಚೆ ಹಾರಿತು. ಎತ್ತಿಕೊಳ್ಳಲು ಹೋಗಲಿಲ್ಲ.

ಪಕ್ಕದ ಓಣಿಯಿಂದ ಸುತ್ತಿಕೊಂಡು ಹಿತ್ತಲ ಬಾಗಿಲಿಗೆ ಬಂದೆ. ನಲ್ಲಿಯಲ್ಲಿ ಕೈಕಾಲು ತೊಳೆದೆ. ಅಡುಗೆಮನೆಯೊಳಗೆ ಅಮ್ಮ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದಳು. ತಟ್ಟೆಯಲ್ಲಿದ್ದ ಮುದ್ದೆಯಲ್ಲಿ ಅರ್ಧ ಮುಗಿದಿತ್ತು. ಸಾರಿನ 'ಸೊರ್' ಎಂಬ ಸದ್ದು, ಮೂಳೆ ಚೀಪುವ ಸದ್ದು. ಅವಳು ಹಾಗೆ ಉಣ್ಣುವುದನ್ನು ನಾನು ನೋಡಿ ತಿಂಗಳುಗಳೇ ಆಗಿದ್ದವು. ಬಾಗಿಲಲ್ಲೇ ನಿಂತೆ.

ಅಮ್ಮ ತಲೆಯೆತ್ತಿ ನನ್ನನ್ನು ನೋಡಿದಳು. ಎಷ್ಟೋ ಕಾಲದ ಮೇಲೆ ನೇರವಾಗಿ, ನನ್ನ ಮುಖವನ್ನು.

"ಎಲ್ಲೋಗಿದ್ಯೇ ಇಷ್ಟು ದಿನ?" ಎಂದು ಬೈದಳು. "ನೋಡು, ಎಂಗ್ ಸೊರಗಿದೀಯ. ಬಾ, ಕೂತ್ಕೊ."

ಅವಳೇ ಎದ್ದು, ಗೋಡೆ ಹಿಡಿಯದೆ ಎದ್ದು, ಇನ್ನೊಂದು ತಟ್ಟೆ ಇಟ್ಟು ಮುದ್ದೆ ಹಾಕಿ ಸಾರು ಬಿಟ್ಟಳು. ನಾನು ಅವಳ ಪಕ್ಕ ಕೂತೆ. ಆಗಷ್ಟೇ ಒಂದು ಎಲೆ ತುಂಬ ಉಂಡು ಎದ್ದಿದ್ದೆ, ನಾಲಿಗೆಯ ಮೇಲೆ ಕಾಯಿಹಾಲಿನ ಸಿಹಿ ಇನ್ನೂ ಇತ್ತು. ಆದರೆ ನನಗೆ, ಬೆಳಗಿನಿಂದ ಏನೂ ತಿನ್ನದವಳಂತೆ, ಹೊಟ್ಟೆ ಹಸಿಯುತ್ತಿತ್ತು.